ಅಜ್ಜಿಯ ಹರಿವಾಣಕ್ಕೆ ಜೇನುಮೇಣ

ಹೊಳಪು ಹೊಳಪು ಅಂತ ಸಾಯಬೇಡಿ ಮಾರಾಯ್ರೆ. ಇದನ್ನು ಹೇಳಲಿಕ್ಕೇ ಇವತ್ತು ಬರೆಯಲು ಕೂತೆ.

ಕಳೆದ ತಿಂಗಳು ಅಕ್ಕನ ಮೊಮ್ಮಗ ಬೆಂಗಳೂರಿನಿಂದ ಶಿರಸಿಗೆ ಬಂದಿದ್ದ. ನಮ್ಮಜ್ಜಿಯ ಕವಳದ, ಅಂದರೆ ಎಲೆಯಡಿಕೆಯ, ಹರಿವಾಣವನ್ನು ಎರಡು ವರ್ಷದ ಹಿಂದೆ ನಾನೇ ಅವನಿಗೆ ಕೊಟ್ಟಿದ್ದೆ. ಹಳೆಯ ಸಾಮಾನು ಕೂಡಿಡುವ ಆಸೆ ಆ ಮಾಣಿಗೆ ನಿಜವಾಗಿ ಇದೆ, ಅದಕ್ಕೇ ಕೊಟ್ಟದ್ದು. ಚೀಲದಿಂದ ತೆಗೆದು ನನ್ನ ಕೈಗಿಟ್ಟ. ಕನ್ನಡಿ ಹಾಗೆ ಮಿಂಚುತ್ತಿತ್ತು. ಯಾವುದೋ ಅಂಗಡಿಯಲ್ಲಿ ಮಷಿನ್ನಿಗೆ ಹಿಡಿಸಿ ಪಾಲಿಶ್ ಮಾಡಿಸಿದ್ದಾನೆ, ಮೇಲಿಂದ ವಾರ್ನಿಶ್ ಬೇರೆ. "ಹೇಗಿದೆ ಅಜ್ಜೀ?" ಅಂದ. ನಾನು ಅಂಚು ತಿರುಗಿಸಿ ನೋಡಿದೆ. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಇತ್ತು. ಅಜ್ಜಿಯ ಹೆಸರು, ಅವಳ ತವರೂರು, ಪಕ್ಕದಲ್ಲಿ "ಪ್ರಮೋದೂತ ವೈಶಾಖ" ಅಂತ. ಎಲ್ಲಾ ಸವೆದು ಹೋಗಿದೆ. ಬೆರಳಾಡಿಸಿದರೂ ಸಿಗುವುದಿಲ್ಲ. ನನಗೆ ಆ ದಿನ ಊಟ ಸೇರಲಿಲ್ಲ.

ಆ ಅಕ್ಷರ ಅಂದರೆ ಸುಮ್ನೆ ಅಲ್ಲ. ಪಾತ್ರೆಯ ಮೇಲೆ ಇಸವಿ ಇಲ್ಲದಿದ್ದರೂ ಸಂವತ್ಸರದ ಹೆಸರಿದ್ದರೆ ಲೆಕ್ಕ ಹಾಕಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ಪ್ರಮೋದೂತ ಅಂದರೆ 1930-31, ಆಮೇಲೆ 1990-91. ಅಂಚಿನಲ್ಲಿದ್ದದ್ದು ಅಜ್ಜಿಯ ಮದುವೆಯ ತಿಂಗಳು, ಅದು 1990ರಲ್ಲಿ ಆಗಲಿಕ್ಕಿಲ್ಲ, ಅಲ್ವಾ? 1930 ಅಂದರೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ. ಸತ್ಯಾಗ್ರಹ ಏಪ್ರಿಲ್‌ನಲ್ಲಿ, ಮದುವೆ ಮುಂದಿನ ತಿಂಗಳು. ದಿಬ್ಬಣದಲ್ಲಿ ಬಂದ ಗಂಡಸರೆಲ್ಲ ಮದುವೆಗಿಂತ ಜಾಸ್ತಿ ಅದನ್ನೇ ಮಾತಾಡುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು. ಇಷ್ಟೆಲ್ಲಾ ಎರಡು ಶಬ್ದದಲ್ಲಿ ಕೂತಿತ್ತು.

ಹಾಗಾಗಿ ಮೊದಲು ಓದಿ, ಆಮೇಲೆ ತೊಳೆಯಿರಿ. ಅಟ್ಟದಿಂದ ಏನೇ ಇಳಿಸಿದರೂ ಕಿಟಕಿ ಹತ್ತಿರ ಒಯ್ದು ಓರೆಯಾಗಿ ಹಿಡಿದು ನೋಡಬೇಕು. ಅಡಿ, ಅಂಚು, ಹಿಡಿಯ ಬುಡ. ಅಕ್ಷರದ ಮೇಲೆ ಚೂರು ಅಕ್ಕಿಹಿಟ್ಟು ಉದುರಿಸಿ ಬಟ್ಟೆಯಿಂದ ಒರೆಸಿದರೆ ಹಿಟ್ಟು ಚುಕ್ಕಿಯೊಳಗೆ ಕೂತು ಓದಲಿಕ್ಕೆ ಬರುತ್ತದೆ. ಓದಿದ್ದನ್ನು ಬರೆದಿಡಿ, ಮೊಬೈಲಿನಲ್ಲಿ ಫೋಟೋ ಹೊಡೆಯಿರಿ. ಆಮೇಲೆ ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೋ ಅವರ ಮುಂದೆ ಇಡಿ. ಇದು ಯಾರದ್ದು, ಯಾರು ಕೊಟ್ಟದ್ದು, ಏನಕ್ಕೆ ಬಳಸುತ್ತಿದ್ದರು ಅಂತ ಕೇಳಿ. ನಮ್ಮ ಹಿಂದೆ ಬಿದ್ದು ಕೇಳಿದರೆ ನಮಗೇನು ಬೇಜಾರಿಲ್ಲ, ಕೇಳದೇ ಇದ್ದರೆ ಬೇಜಾರು.

ಈಗ ತೊಳೆಯುವ ವಿಷಯ. ಕಪ್ಪಾಗಿರುವುದು ಬೇರೆ, ಕಿಲುಬು ಬೇರೆ. ಕಪ್ಪು ವಯಸ್ಸಿನ ಬಣ್ಣ, ಅದನ್ನು ಬಿಡಿ. ಹಸಿರು ಹುಡಿಯಾಗಿ ಉದುರುವ ಕಿಲುಬನ್ನು ಮಾತ್ರ ತೆಗೆಯಬೇಕು, ಇಲ್ಲದಿದ್ದರೆ ತಿನ್ನುತ್ತಾ ಹೋಗುತ್ತದೆ. ಹಿತ್ತಾಳೆ, ತಾಮ್ರ ಎರಡಕ್ಕೂ ನಮ್ಮಲ್ಲಿ ಮುರುಗಲು (ಕೋಕಂ) ಸಿಪ್ಪೆ ಇರುವಾಗ ಅಂಗಡಿಯ ಹುಡಿ ಯಾಕೆ ಬೇಕು? ಒಣಸಿಪ್ಪೆ ಒಂದು ಮುಷ್ಟಿ ಬಿಸಿನೀರಿಗೆ ಹಾಕಿ, ನೀರು ಚೆನ್ನಾಗಿ ಕೆಂಪಾಗುವ ತನಕ ಬಿಡಿ, ಸೋಸಿ. ಮೆತ್ತನೆ ಬಟ್ಟೆ ಅದ್ದಿ ಕಿಲುಬಿನ ಜಾಗಕ್ಕಷ್ಟೇ ಉಜ್ಜಿ. ಗೆರೆ, ಚಿತ್ತಾರದ ಸಂದಿಗೆ ಬಿದಿರು ಕಡ್ಡಿಯ ತುದಿ ಜಜ್ಜಿಕೊಳ್ಳಿ. ಉಕ್ಕಿನ ನಾರು, ಬ್ಲೇಡು ಹತ್ತಿರ ತಂದರೆ ನೋಡಿ ಮತ್ತೆ. ಹುಳಿ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡುವವರೂ ಇದ್ದಾರೆ, ಮಾಡಬೇಡಿ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತು ಇರುತ್ತದೆ. ಹುಳಿ ಜಾಸ್ತಿ ಹೊತ್ತು ಕೂತರೆ ಸತುವನ್ನು ಎಳೆದುಬಿಡುತ್ತದೆ, ಪಾತ್ರೆ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಉಜ್ಜಿದ ಕೂಡಲೇ ಒಲೆಬೂದಿ ಕಲಸಿದ ನೀರಿನಲ್ಲಿ ತೊಳೆಯಿರಿ, ಹುಳಿ ಮುರಿಯುತ್ತದೆ. ಮತ್ತೆ ಬರೀ ನೀರು. ಒರೆಸಿ ಬಿಸಿಲಿಗಿಡಿ.

ಇನ್ನು ಜೇನುಮೇಣ. ಇದನ್ನು ನನಗೆ ಕಲಿಸಿದ್ದು ನಮ್ಮತ್ತೆ, ಅವರಿಗೆ ಕಲಿಸಿದ್ದು ಅವರತ್ತೆ. ಈ ಮನೆಗೆ ಬಂದು ಐವತ್ತು ಮಳೆಗಾಲ ಕಂಡೆ, ನಮ್ಮ ಹಿತ್ತಾಳೆಗೆ ಕಿಲುಬು ಹಿಡಿದದ್ದು ಒಂದೇ ವರ್ಷ. ಆ ವರ್ಷ ಬಾಣಂತನಕ್ಕೆ ತವರಿಗೆ ಹೋಗಿದ್ದೆ, ಇಲ್ಲಿ ಯಾರೂ ಮೇಣ ಹಚ್ಚಲಿಲ್ಲ.

ತುಡುವೆ ಜೇನಿನ ಮೇಣವೇ ಆಗಬೇಕು ಅಂತ ಅತ್ತೆಯ ಹಠ. ಬೇರೆ ಜೇನಿನದೂ ನಡೆಯುತ್ತದೆ ಬಿಡಿ, ಆದರೆ ನಮ್ಮಲ್ಲಿ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ತಾನೆ, ಅದರ ಗೂಡಿನ ಹಳೆ ಎರಿ ಸುಲಭಕ್ಕೆ ಸಿಗುತ್ತದೆ. ಎರಿಯನ್ನು ಮೊದಲು ತಣ್ಣೀರಿನಲ್ಲಿ ಹಿಚುಕಿ ಹಿಚುಕಿ ತೊಳೆಯಬೇಕು. ಜೇನಿನ ಅಂಶ ಚೂರು ಉಳಿದರೂ ಇರುವೆ ಸಾಲು ನಿಮ್ಮ ಕಪಾಟಿಗೇ ಬರುತ್ತದೆ. ತೊಳೆದದ್ದನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಬೇರೆ ಏನಕ್ಕೂ ಬಳಸದ ಹಳೆ ಪಾತ್ರೆಯಲ್ಲಿ ನೀರಿಟ್ಟು, ಗಂಟನ್ನು ಮುಳುಗಿಸಿ ಸಣ್ಣ ಉರಿಯಲ್ಲಿ ಕಾಯಿಸಿ. ಕುದಿ ಬರಬಾರದು. ನೀರು ಅರವತ್ತೈದು ಡಿಗ್ರಿ ಹತ್ತಿರ ಬಂದರೆ ಸಾಕು, ಮೇಣ ಕರಗಿ ಬಟ್ಟೆಯಿಂದ ಜಿನುಗಿ ಮೇಲೆ ತೇಲುತ್ತದೆ. ಸೌಟಿನಿಂದ ಗಂಟನ್ನು ಒತ್ತಿ. ಕಸವೆಲ್ಲ ಬಟ್ಟೆಯೊಳಗೇ ಉಳಿಯುತ್ತದೆ. ಒಲೆ ಆರಿಸಿ ಹಾಗೇ ಬಿಡಿ, ಅಲುಗಾಡಿಸಬೇಡಿ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಹಳದಿ ಹಪ್ಪಳದ ಹಾಗೆ ಕೂತಿರುತ್ತದೆ. ಅದನ್ನೆತ್ತಿ, ಅಡಿಗೆ ಅಂಟಿದ ಕೊಳೆ ಚಾಕುವಿನಿಂದ ಹೆರೆದು, ಒಣಗಿಸಿ ಇಡಿ. ವರ್ಷಗಟ್ಟಲೆ ಕೆಡುವುದಿಲ್ಲ. ಗ್ಯಾಸಿನ ಮೇಲೆ ಬರೀ ಮೇಣ ಇಟ್ಟು ಕಾಯಿಸಿದರೆ ಬೆಂಕಿ ಹತ್ತುತ್ತದೆ, ಅದು ನೆನಪಿರಲಿ.

ಹಚ್ಚುವುದು ಮೇ ತಿಂಗಳ ಕೊನೆಗೆ, ಮಳೆ ಬೀಳುವ ಮುಂಚೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಂಗಳದ ಕಲ್ಲು ಕಾದಿರುತ್ತದಲ್ಲ, ಅದರ ಮೇಲೆ ಸಾಮಾನು ಮಗುಚಿ ಹಾಕಿ. ಕೈಗೆ ಚುರುಕ್ ಅನ್ನಬೇಕು, ಆದರೂ ಹಿಡಿಯಲಿಕ್ಕೆ ಆಗಬೇಕು, ಅಷ್ಟು ಬಿಸಿ. ಒಂದು ಅಡಿಕೆಯಷ್ಟು ಮೇಣವನ್ನು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ಆ ಪೊಟ್ಟಣದಿಂದಲೇ ಉಜ್ಜಬೇಕು. ಲೋಹದ ಬಿಸಿಗೆ ಮೇಣ ಮೆತ್ತಗಾಗಿ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಎಷ್ಟು ತೆಳು ಅಂದರೆ ಹಚ್ಚಿದ್ದು ಕಣ್ಣಿಗೆ ಕಾಣಬಾರದು. ದಪ್ಪ ಬಳಿದರೆ ಧೂಳು ಹಿಡಿದು ಜಿಡ್ಡಾಗುತ್ತದೆ, ನಮ್ಮ ಸೊಸೆ ಮೊದಲ ವರ್ಷ ಬೆಣ್ಣೆ ಬಳಿದ ಹಾಗೆ ಬಳಿದಿದ್ದಳು, ಎರಡು ದಿನ ಕೂತು ತೆಗೆಸಿದೆ. ಅಕ್ಷರ ಇರುವ ಕಡೆ ಪೊಟ್ಟಣ ಬೇಡ, ಬೆರಳ ತುದಿಗೆ ಸವರಿಕೊಂಡು ಹಚ್ಚಿ, ಇಲ್ಲದಿದ್ದರೆ ಚುಕ್ಕಿ ಮುಚ್ಚಿಹೋಗುತ್ತದೆ. ಆಮೇಲೆ ನೆರಳಿಗೆ ತಂದು ಪೂರ್ತಿ ಆರಲು ಬಿಡಿ. ಅವಸರ ಮಾಡಿದರೆ ಹಚ್ಚಿದ್ದೆಲ್ಲ ಬಟ್ಟೆಗೇ ಬರುತ್ತದೆ. ಆರಿದ ಮೇಲೆ ಒಣ ಮೆತ್ತನೆ ಬಟ್ಟೆಯಿಂದ ತಿಕ್ಕಿ, ಕೈ ಸೋಲುವಷ್ಟು. ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಉಂಡೆಯಾಗಿ ನಿಂತರೆ ಆಯಿತು ಅಂತ ಅರ್ಥ. ಹರಡಿದರೆ ಮತ್ತೆ ಬಿಸಿಲಿಗಿಡಿ. ಆಗ ಬರುವ ಹೊಳಪಿದೆಯಲ್ಲ, ಒಳಗಿಂದ ಬಂದ ಹಾಗೆ ಇರುತ್ತದೆ. ನಾನು ಪ್ರತಿ ವರ್ಷ ಜಗುಲಿಯಲ್ಲಿ ಕೂತು ಅದನ್ನೇ ನೋಡುತ್ತೇನೆ.

ಉಣ್ಣುವ, ಕುಡಿಯುವ ಪಾತ್ರೆಗೆ ಮೇಣ ಬೇಡ. ಅದಕ್ಕೆ ಒಳಗೆ ಕಲಾಯಿ (ತವರದ ಲೇಪ) ಇರಬೇಕು, ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಹಾಕಲೇಬಾರದು. ಉರಿಸುವ ದೀಪಕ್ಕೂ ಬೇಡ. ಮಗಳನ್ನು ಕಾರವಾರಕ್ಕೆ ಕೊಟ್ಟದ್ದು, ಅವರ ಮನೆಗೆ ಸಮುದ್ರದ ಗಾಳಿ ನೇರ ಬಡಿಯುತ್ತದೆ. ಉಪ್ಪುಗಾಳಿಗೆ ಒಂದು ಸಲ ಸಾಲದು, ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಹಚ್ಚು ಅಂದಿದ್ದೇನೆ. ಎಲ್ಲಿದ್ದರೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಒಳಗೇ ಬೆವರುತ್ತದೆ. ಹಳೆ ಹತ್ತಿ ಸೀರೆಯ ತುಂಡು ಸುತ್ತಿ. ಉಪ್ಪಿನಕಾಯಿ ಭರಣಿ ಇಡುವ ಕಪಾಟಿನಲ್ಲಂತೂ ಇಡಲೇಬೇಡಿ.

ಭರಣಿ ಅಂದ ಕೂಡಲೇ ನೆನಪಾಯಿತು. ಅಜ್ಜಿಯ ಕಾಲದ ಚೀನಾ ಭರಣಿಗೆ ತೂತು ಹೊಡೆದು ಗಿಡ ನೆಡುವುದು ಯಾವ ಶೋಕಿ? ಬಿರುಕಿಲ್ಲದ ಭರಣಿಗೆ ಅಪ್ಪೆಮಿಡಿ ಹಾಕಿ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದಿರಬೇಕು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಒಂದು ಸೇರಿದರೂ ಭರಣಿಯಷ್ಟೂ ಮೆತ್ತಗಾಗುತ್ತದೆ. ಭರಣಿಯನ್ನು ಬಿಸಿಲಿಗೆ ಒಣಗಿಸದೆ ತುಂಬುವವರಿಗೆ ನಾನು ಮಿಡಿಯೇ ಕೊಡುವುದಿಲ್ಲ.

ನಾಣ್ಯಗಳನ್ನು ತಿಕ್ಕಲೇಬೇಡಿ. ಹಲ್ಲುಪುಡಿ ಹಾಕಿ ತಿಕ್ಕಿದರೆ ರಾಜನ ಮೂಗೇ ಹೋಗುತ್ತದೆ. ನಡುವೆ ತೂತಿರುವ ಪೈಸೆ 1943ರಿಂದ 1947ರ ತನಕದ್ದು, ಯುದ್ಧದ ಕಾಲದಲ್ಲಿ ಲೋಹ ಉಳಿಸಲು ಹಾಗೆ ಮಾಡಿದ್ದು. ನಾವು ಸಣ್ಣವರಿದ್ದಾಗ ಅದನ್ನು ದಾರಕ್ಕೆ ಪೋಣಿಸಿ ಆಡುತ್ತಿದ್ದೆವು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದ ಮೇಲೂ ಅಜ್ಜಿ ಆಣೆಯಲ್ಲೇ ಲೆಕ್ಕ ಹೇಳುತ್ತಿದ್ದಳು. ಹಳೆ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತದೆ, ಅಂದರೆ 11.66 ಗ್ರಾಂ. ಮದ್ದಿನ ಬೇರು ತೂಗಲು ಅಜ್ಜಿ ತಕ್ಕಡಿಯಲ್ಲಿ ಅದನ್ನೇ ಇಡುತ್ತಿದ್ದಳು. 1939ರ ತನಕದ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, 1940ರಿಂದ ಅರ್ಧ, 1947ರದ್ದು ಬರೀ ನಿಕ್ಕೆಲ್. ಇದು ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ದರಕ್ಕೆ ಕೊಟ್ಟು ಬರುತ್ತೀರಿ.

ರೇಷ್ಮೆ ಸೀರೆಗೆ ಲಾವಂಚದ ಬೇರು ಇಡಿ, ಜರಿಗೆ ನುಸಿಗುಳಿಗೆ ತಾಗಿಸಬೇಡಿ, ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ. ಗಾಜಿಗೆ ಅಂಟಿದ ಹಳೆ ಫೋಟೋವನ್ನು ಎಳೆಯಬೇಡಿ, ಗಾಜಿನ ಸಮೇತ ಫೋಟೋ ಹೊಡೆಸಿಟ್ಟುಕೊಳ್ಳಿ. ಕೌದಿಯನ್ನು ಮಷಿನ್ನಿಗೆ ಹಾಕಬೇಡಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆ ಜೋಡಿಸಿ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ, ಕವಂದಿ ಅನ್ನುತ್ತಾರೆ ಅದಕ್ಕೆ. ನನ್ನ ಹತ್ತಿರ ಒಂದಿದೆ, ಅದರಲ್ಲಿ ನನ್ನಮ್ಮನ ನೀಲಿ ಸೀರೆಯ ಎರಡು ತುಂಡು ಸೇರಿದೆ. ಅಂಟುವಾಳದ ನೊರೆಯಲ್ಲಿ ಅದ್ದಿ ತೆಗೆಯುತ್ತೇನೆ, ಹಿಂಡುವುದಿಲ್ಲ.

ಕೊಳ್ಳುವ ಆಸೆ ಇದ್ದವರು ಗುಜರಿ ಅಂಗಡಿಗೆ ಹೋಗಿ. ನಾನು ಒಮ್ಮೆ ಕಿಲೋ ಲೆಕ್ಕದಲ್ಲಿ ಒಂದು ಗಿಂಡಿ ತಂದೆ, ತೊಳೆದು ನೋಡಿದರೆ ಕೊಕ್ಕಿನ ಸುತ್ತ ಬಳ್ಳಿಯ ಚಿತ್ತಾರ! ಆ ರಾತ್ರಿ ನಿದ್ದೆ ಬರಲಿಲ್ಲ, ಎರಡು ಸಲ ಎದ್ದು ದೀಪ ಹಾಕಿ ನೋಡಿದೆ. ಯಾರ ಮನೆಯ ಕೈಯಲ್ಲಿತ್ತೋ ಏನೋ. ಈಗ ಕಪ್ಪು ಬಳಿದು ಹಳೇದು ಅಂತ ಮಾರುವುದೂ ಇದೆ. ಅಡಿ ನೋಡಿ, ನೆಲಕ್ಕೆ ತಾಗುವ ಜಾಗ ಮಾತ್ರ ನಯವಾಗಿ ಸವೆದಿರಬೇಕು. ಎಲ್ಲಾ ಕಡೆ ಒಂದೇ ಸಮ ಕಪ್ಪಿದ್ದರೆ ಬಿಟ್ಟು ಬನ್ನಿ. ಕಂಚು ಅಂತ ಹೇಳಿದರೆ ಬೆರಳ ಗಂಟಿನಿಂದ ಬಡಿಯಿರಿ, ನಾದ ಎಳೆಯಬೇಕು. ವಿದೇಶದಲ್ಲಿರುವ ಮಕ್ಕಳು ದೇವರ ಮೂರ್ತಿ ಒಯ್ಯುತ್ತೇವೆ ಅನ್ನುತ್ತಾರೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವ ಹಾಗಿಲ್ಲ, ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷಕ್ಕೇ ಆ ಮಾತು ಬರುತ್ತದೆ. ಅವು ಇಲ್ಲೇ ಇರಲಿ, ನೀವೇ ಬಂದು ನೋಡಿ.

ಕೂಡಿಟ್ಟದ್ದನ್ನು ಗಾಜಿನ ಕಪಾಟಿನಲ್ಲಿ ಕೂರಿಸಿ ಮರೆತುಬಿಡಬೇಡಿ. ನಮ್ಮ ಬಚ್ಚಲ ತಾಮ್ರದ ಹಂಡೆ ನನ್ನ ಅತ್ತೆಯ ತವರು ಸಿದ್ದಾಪುರ ಕಡೆಯಿಂದ ಬಂದದ್ದು. ಬ್ರಿಟಿಷರಿಗೆ ಕಂದಾಯ ಕೊಡುವುದಿಲ್ಲ ಅಂತ ಹೂಡಿದ ಕರ ನಿರಾಕರಣೆ ಕಾಲದಲ್ಲಿ ಜಪ್ತಿಗೆ ಬರುತ್ತಾರೆ ಅಂತ ಅದನ್ನು ಹುಲ್ಲಿನ ಬಣವೆಯೊಳಗೆ ಅಡಗಿಸಿಟ್ಟಿದ್ದರಂತೆ. ಹೊಟ್ಟೆಯ ಹತ್ತಿರ ಒಂದು ನಗ್ಗು ಇದೆ, ಆ ಗಡಿಬಿಡಿಯಲ್ಲಿ ಆದದ್ದು. ಅದನ್ನು ತಟ್ಟಿ ಸರಿಮಾಡಿಸೋಣ ಅಂದವರನ್ನೆಲ್ಲ ಬೈದು ಕಳಿಸಿದ್ದೇನೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇವತ್ತಿಗೂ ಅದಕ್ಕೇ ಶೇಡಿ (ಬಿಳಿಮಣ್ಣು), ಕೆಮ್ಮಣ್ಣಿನ ಗೆರೆ ಎಳೆದು ನೀರು ತುಂಬುವುದು. ಮೊಮ್ಮಕ್ಕಳು ಎಣ್ಣೆ ಹಚ್ಚಿಕೊಂಡು ಕೂತು ನಗ್ಗಿನ ಕಥೆ ಕೇಳುತ್ತಾರೆ.

ಹರಿವಾಣದ ವಾರ್ನಿಶ್ ತೆಗೆಸಿದ್ದೇನೆ. ಅಕ್ಷರ ಮತ್ತೆ ಕೊರೆಸುತ್ತೇನೆ ಅಂದ ಮಾಣಿ, ಬೇಡ ಅಂದೆ, ಅದು ಇವತ್ತಿನ ಅಕ್ಷರ ಆಗುತ್ತದೆ. ಬಿಳಿ ಬಟ್ಟೆಯ ಚೀಲ ಹೊಲಿದೆ, ಅದರ ಒಳಗೆ ಚೀಟಿ ಇಟ್ಟೆ. ಅಜ್ಜಿಯ ಹೆಸರು, ತವರೂರು, ಪ್ರಮೋದೂತ ವೈಶಾಖ. ನಾನು ಹೇಳಿದೆ, ಅವನ ಕೈಯಲ್ಲೇ ಬರೆಸಿದೆ. ಮೇ ತಿಂಗಳಲ್ಲಿ ಬಾ, ಅಂಗಳದ ಕಲ್ಲು ಕಾದಿರುತ್ತದೆ, ಮೇಣ ಹಚ್ಚುವುದು ತೋರಿಸುತ್ತೇನೆ ಅಂದಿದ್ದೇನೆ. ಬರುತ್ತೇನೆ ಅಂದಿದ್ದಾನೆ.