ಟ್ಯೂನಾ ಲೆಕ್ಕ: ಬೋಟಿನ ಲಾಗ್‌ಬುಕ್‌ನಿಂದ ಸೆಶೆಲ್ಸ್‌ವರೆಗೆ

ಹಿಂದೂ ಮಹಾಸಾಗರದ ಟ್ಯೂನಾ ಮೀನುಗಾರಿಕೆಗೆ ನಿಯಮ ಮಾಡುವುದು ಇಂಡಿಯನ್ ಓಶನ್ ಟ್ಯೂನಾ ಕಮಿಷನ್, ಅಂದರೆ ಐಒಟಿಸಿ. ಕಚೇರಿ ಸೆಶೆಲ್ಸ್‌ನಲ್ಲಿದೆ, ಒಪ್ಪಂದ 1996ರಿಂದ ಜಾರಿಯಲ್ಲಿದೆ. ಸದಸ್ಯ ರಾಷ್ಟ್ರವಾದ ಭಾರತ ಪ್ರತಿ ವರ್ಷ ಜೂನ್ 30ರೊಳಗೆ ಹಿಂದಿನ ವರ್ಷ ಹಿಡಿದ ಮೀನಿನ ಲೆಕ್ಕ ಕೊಡಬೇಕು. ಆ ಲೆಕ್ಕಕ್ಕೆ ಮಲ್ಪೆ, ಮಂಗಳೂರು, ಕಾರವಾರದ ದಕ್ಕೆಗಳಲ್ಲಿ ಇಳಿದ ಮೀನೂ ಸೇರುತ್ತದೆ.

ಪಟ್ಟಿಯಲ್ಲಿರುವುದು 16 ಜಾತಿ. ಹಳದಿ ರೆಕ್ಕೆಯ ಯೆಲ್ಲೋಫಿನ್, ಬಿಗ್‌ಐ, ಸ್ಕಿಪ್‌ಜಾಕ್ ಇರುವುದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಬಲೆಗೆ ಹೆಚ್ಚಾಗಿ ಬೀಳುವ ಕೇದರ, ಸೈಲ್‌ಫಿಶ್, ಅಷ್ಟೇ ಏಕೆ, ಅಂಜಲ್ ಕೂಡ ಅದರಲ್ಲಿದೆ. ಅಂಜಲ್ ಮಾತ್ರ ಹಿಡಿಯುವ ಬೋಟೂ ಈ ಲೆಕ್ಕದಿಂದ ಹೊರಗಿಲ್ಲ.

ನಮ್ಮ ಬೋಟು 24 ಮೀಟರಿಗಿಂತ ಚಿಕ್ಕದು, ಇದೆಲ್ಲ ನಮಗಲ್ಲ ಎನ್ನುವವರು ಬಹಳ. ಅದು ಅರ್ಧ ನಿಜ. ಐಒಟಿಸಿಯ ಅಧಿಕೃತ ಹಡಗುಗಳ ಪಟ್ಟಿಗೆ ಸೇರಬೇಕಾದದ್ದು 24 ಮೀಟರ್ ಮತ್ತು ಮೇಲ್ಪಟ್ಟ ಬೋಟುಗಳು, ಜೊತೆಗೆ ದೇಶದ ವಿಶೇಷ ಆರ್ಥಿಕ ವಲಯ (ತೀರದಿಂದ 200 ನಾಟಿಕಲ್ ಮೈಲಿವರೆಗಿನ ಕಡಲು) ದಾಟಿ ಹೋಗುವ ಚಿಕ್ಕ ಬೋಟುಗಳು. ಮೀನಿನ ಅಂಕಿಅಂಶ ಮಾತ್ರ ದೋಣಿಯ ಗಾತ್ರ ನೋಡುವುದಿಲ್ಲ. ಇದರ ಮೇಲೆ, ವಿಶೇಷ ಆರ್ಥಿಕ ವಲಯದಲ್ಲಿ ಮೀನು ಹಿಡಿಯುವ ಯಾಂತ್ರೀಕೃತ ಬೋಟುಗಳಿಗೆ 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದ ಕೇಂದ್ರ ನಿಯಮಗಳಂತೆ ಬೋಟು ನೋಂದಣಿಯ ರಿಯಲ್‌ಕ್ರಾಫ್ಟ್ ಪೋರ್ಟಲ್‌ನಲ್ಲಿ ಆಕ್ಸೆಸ್ ಪಾಸ್, ಅಂದರೆ ಅನುಮತಿ ಪತ್ರ, ಪಡೆಯಬೇಕು. ಇದಕ್ಕೆ ಶುಲ್ಕವಿಲ್ಲ.

ಲೆಕ್ಕ ಹೆಚ್ಚಾಗಿ ಕೆಡುವುದು ಜಾತಿ ಗುರುತಿಸುವಲ್ಲಿ. ಎಲ್ಲವನ್ನೂ 'ಟ್ಯೂನಾ' ಎಂದು ಒಂದೇ ಸಾಲಿನಲ್ಲಿ ಬರೆದರೆ ಯಾವ ಜಾತಿ ಕಡಿಮೆಯಾಗುತ್ತಿದೆ ಎಂದು ಯಾರಿಗೂ ತಿಳಿಯದು. ಮೀನು ಹಸಿಯಾಗಿರುವಾಗಲೇ, ಬಣ್ಣ ಮಾಸುವ ಮೊದಲೇ ನೋಡಿ. ಹೊಟ್ಟೆಯ ಮೇಲೆ ಉದ್ದುದ್ದ ಕಪ್ಪು ಪಟ್ಟೆಗಳಿದ್ದರೆ ಸ್ಕಿಪ್‌ಜಾಕ್. ಎದೆರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ, ಬೆನ್ನಿನ ಹಿಂಭಾಗದಲ್ಲಿ ಅಂಕುಡೊಂಕು ಗೆರೆಗಳಿದ್ದರೆ ಕವಾಕವಾ. ಬೆನ್ನಿನ ಎರಡು ರೆಕ್ಕೆಗಳ ನಡುವೆ ದೊಡ್ಡ ಅಂತರವಿದ್ದರೆ ಫ್ರಿಗೇಟ್ ಅಥವಾ ಬುಲೆಟ್ ಟ್ಯೂನಾ. ಮರಿ ಯೆಲ್ಲೋಫಿನ್ ಮತ್ತು ಮರಿ ಬಿಗ್‌ಐ ಅನುಭವಿಗಳನ್ನೂ ತಪ್ಪಿಸುತ್ತವೆ. ಅನುಮಾನ ಬಂದರೆ ಒಂದನ್ನು ಸೀಳಿ ಯಕೃತ್ತು ನೋಡಿ. ಯೆಲ್ಲೋಫಿನ್‌ನದು ನಯವಾಗಿದ್ದು ಬಲ ಹಾಲೆ ಉದ್ದವಾಗಿರುತ್ತದೆ, ಬಿಗ್‌ಐನದರಲ್ಲಿ ಗೆರೆಗೆರೆಯಾಗಿ ರಕ್ತನಾಳಗಳು ಕಾಣುತ್ತವೆ. ಅಂಜಲ್‌ನಲ್ಲೂ ಎರಡು ಜಾತಿ: ಮೈಮೇಲೆ ಅಡ್ಡಪಟ್ಟೆಯದು ಒಂದು, ಚುಕ್ಕೆಯದು ಇನ್ನೊಂದು. ಬೇರೆಬೇರೆ ಸಾಲಿನಲ್ಲೇ ಬರೆಯಬೇಕು.

ಉದ್ದ ಅಳೆಯಲು, ಹಿಡಿದ ಪ್ರತಿ ಟನ್ನಿಗೆ ಕನಿಷ್ಠ ಒಂದು ಮೀನು ಬೇಕೆಂಬುದು ನಿಯಮ. ದೊಡ್ಡದನ್ನೇ ಆರಿಸಬೇಡಿ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳಿ. ಸಮತಟ್ಟಾದ ಅಳತೆಪಟ್ಟಿಯ ಮೇಲೆ ಬಾಯಿ ಮುಚ್ಚಿಸಿ ಮಲಗಿಸಿ, ಮೂತಿಯ ತುದಿಯಿಂದ ಬಾಲದ ಕವಲಿನ ಒಳಗುಳಿಯವರೆಗೆ ಅಳೆಯಿರಿ. ಟೇಪನ್ನು ಮೈಯ ಉಬ್ಬಿನ ಮೇಲೆ ಹಾಯಿಸಿದರೆ ಉದ್ದ ಹೆಚ್ಚು ಬರುತ್ತದೆ. ಸೈಲ್‌ಫಿಶ್, ಮಾರ್ಲಿನ್‌ಗಳ ಕೊಂಬು ಮುರಿದಿರಬಹುದಾದ್ದರಿಂದ ಕೆಳದವಡೆಯ ತುದಿಯಿಂದ ಶುರುಮಾಡಬೇಕು. ಕರುಳು ತೆಗೆದ ಮೀನು ತೂಗಿದ್ದರೆ ಹಾಗೆಂದು ನಮೂದಿಸಿ, ದೇಶದ ಲೆಕ್ಕ ಹೋಗುವುದು ಇಡೀ ಮೀನಿನ ತೂಕದಲ್ಲಿ.

ಲಾಗ್‌ಬುಕ್ಕನ್ನು ದಕ್ಕೆಗೆ ಬಂದ ಮೇಲೆ ಒಂದೇ ಕೂತಿನಲ್ಲಿ ತುಂಬಬೇಡಿ. ವಾರವಿಡೀ ಒಂದೇ ಅಕ್ಷಾಂಶ-ರೇಖಾಂಶ ಬರೆದ ಪುಟ ಬೋಟಿನ ಸ್ಥಾನ ತಿಳಿಸುವ ಟ್ರಾನ್ಸ್‌ಪಾಂಡರ್‌ನ ಜಾಡಿಗೆ ತಾಳೆಯಾಗುವುದಿಲ್ಲ. ಗಾಳ ಅಥವಾ ಬಲೆ ಬಿಟ್ಟಾಗಲೇ ಬೋಟು ನಡೆಸುವ ತಾಂಡೇಲರು ಜಿಪಿಎಸ್ ನೋಡಿ ಸ್ಥಾನ, ಗಂಟೆ, ಲಾಂಗ್‌ಲೈನ್ (ಸಾಲಾಗಿ ಗಾಳ ಕಟ್ಟಿದ ಉದ್ದ ದಾರ) ಆದರೆ ಬಿಟ್ಟ ಗಾಳಗಳ ಸಂಖ್ಯೆ ಬರೆಯಲಿ. ಏನೂ ಸಿಗದ ದಿನವನ್ನೂ ಬರೆಯಲೇಬೇಕು. ಖಾಲಿ ದಿನಗಳನ್ನು ಬಿಟ್ಟರೆ ಪ್ರತಿ ಸಾವಿರ ಗಾಳಕ್ಕೆ ಸಿಕ್ಕ ಮೀನು ಹೆಚ್ಚೆಂದು ಕಾಣುತ್ತದೆ, ವಿಜ್ಞಾನಿಗಳು ಕಡಲಿನಲ್ಲಿ ಮೀನು ಧಾರಾಳವಾಗಿದೆ ಎಂದು ತಪ್ಪು ತಿಳಿಯುತ್ತಾರೆ.

ಬಾಲದ ಮೇಲ್ಭಾಗ ಮೈಯಷ್ಟೇ ಉದ್ದವಿರುವ ಥ್ರೆಷರ್ ಶಾರ್ಕನ್ನು ಇಟ್ಟುಕೊಳ್ಳುವಂತಿಲ್ಲ. ಬಿಟ್ಟು, ಬಿಟ್ಟದ್ದನ್ನು ಬರೆಯಿರಿ. ಹಿಡಿಯಲು ಅವಕಾಶವಿರುವ ಬೇರೆ ಶಾರ್ಕ್‌ಗಳ ರೆಕ್ಕೆ ಮೈಗೆ ಅಂಟಿಕೊಂಡೇ ದಕ್ಕೆಗೆ ಬರಬೇಕು. 2.5 ಕಿಲೋಮೀಟರಿಗಿಂತ ಉದ್ದದ ತೇಲುಬಲೆಗೆ 2022ರಿಂದ ಐಒಟಿಸಿ ವ್ಯಾಪ್ತಿಯ ಎಲ್ಲೆಡೆ ನಿಷೇಧ. ತುಂಡು ಬಲೆಗಳನ್ನು ಜೋಡಿಸಿ ಬಿಡುವವರು ಒಟ್ಟು ಉದ್ದ ಲೆಕ್ಕಹಾಕಿ. ಲಾಂಗ್‌ಲೈನ್ ಬೋಟಿನಲ್ಲಿ ದಾರ ಕತ್ತರಿಸುವ ಮತ್ತು ಗಾಳ ಬಿಡಿಸುವ ಸಲಕರಣೆ ಕೈಗೆಟಕುವಲ್ಲಿರಲಿ. ಕಡಲಾಮೆಯನ್ನು ದಾರ ಹಿಡಿದು ಮೇಲೆಳೆಯಬೇಡಿ. ಅದು ನಿಶ್ಚಲವಾಗಿದ್ದರೆ ಸತ್ತಿದೆ ಎಂದುಕೊಳ್ಳದೆ, ಹಿಂಭಾಗ ಎತ್ತರಿಸಿ ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ ಇಡಿ. ಚೇತರಿಸಿದ ಮೇಲೆ ಎಂಜಿನ್ ನ್ಯೂಟ್ರಲ್‌ಗೆ ಹಾಕಿ ನೀರಿಗೆ ಬಿಡಿ.

ಕೊನೆಯದಾಗಿ, ಖಾಲಿ ಬಿಟ್ಟ ಜಾಗ ಸೊನ್ನೆಯಲ್ಲ. ಒಂದು ಜಾತಿಯ ಮೀನು ಹಿಡಿಯದಿದ್ದರೆ ದೇಶ ಹಾಗೆಂದು ಸೊನ್ನೆಯನ್ನೇ ವರದಿ ಮಾಡಬೇಕು. ವರದಿ ಕೊಡದ ರಾಷ್ಟ್ರಕ್ಕೆ ಆ ಜಾತಿಯ ಮೀನನ್ನು ಇಟ್ಟುಕೊಳ್ಳದಂತೆ ತಡೆಯಲು ಐಒಟಿಸಿಗೆ ಅವಕಾಶವಿದೆ. ಯಾವ ದೇಶಕ್ಕೆ ಎಷ್ಟು ಮೀನು ಎಂಬ ಚೌಕಾಸಿಯಲ್ಲೂ ಹಳೆಯ ವರ್ಷಗಳ ಅಂಕಿಗೆ ತೂಕ ಹೆಚ್ಚು. ಆದ್ದರಿಂದ ತುಂಬಿದ ಪುಟವನ್ನು ಇಲಾಖೆಗೆ ಕೊಡುವ ಮೊದಲು ಫೋಟೋ ತೆಗೆದು, ಹರಾಜಿನ ತೂಕದ ಚೀಟಿಯ ಜೊತೆ ಇಟ್ಟುಕೊಳ್ಳಿ. ಯುರೋಪಿಗೆ ಹೋಗುವ ಮೀನಿಗೆ ಕ್ಯಾಚ್ ಸರ್ಟಿಫಿಕೇಟ್ (ನಿಯಮದಂತೆ ಹಿಡಿದದ್ದೆಂಬ ಪ್ರಮಾಣಪತ್ರ) ಕೇಳಿದಾಗ ನಿಮ್ಮ ಕೈಯಲ್ಲಿ ದಾಖಲೆಯಿರುತ್ತದೆ.