ಮತ್ತಿ ಮರದ ಮೇಲೆ ಏಳುನೂರು ಕಿಲೋ

ಎರಡು ಮಳೆಗಾಲ ಕಳೆಯಿತು, ಮೀನಿನ ಟ್ಯಾಂಕಿನ ಸ್ಟ್ಯಾಂಡು ಅಲ್ಲಾಡಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ನಮ್ಮದು ಗೋವಾದ ವಾಸ್ಕೋದಲ್ಲಿ ಸಮುದ್ರಕ್ಕೆ ಹತ್ತಿರದ ಮನೆ, ಮೊದಲನೇ ಮಹಡಿ. ಐದು ಅಡಿ ಟ್ಯಾಂಕನ್ನು ಮರದ ಮೇಲೆ ಕೂರಿಸುತ್ತೇನೆ ಅಂದಾಗ ಹೂಂ ಅಂದವರು ಒಬ್ಬರೂ ಇರಲಿಲ್ಲ. ವೆಲ್ಡಿಂಗ್ ಅಂಗಡಿಯವನು ಗದಗಿನ ಕಡೆಯವನು. "ಕಟಗಿ ನೀರಿಗೆ ನಿಲ್ಲಂಗಿಲ್ರಿ ಸರ. ಆ್ಯಂಗಲ್ ಹಾಕಿಸ್ರಿ, ಚಿಂತಿನ ಇಲ್ಲ" ಅಂದ. ಹೆಂಡತಿಯ ತಮ್ಮ ಇನ್ನೂ ಜೋರು. "ಭಾವ, ಕೆಳಗಿನ ಮನೆಯವರಿಗೆ ಈಗಲೇ ಹೇಳಿಡಿ, ಒಂದು ದಿನ ಮೇಲಿಂದ ಮೀನು ಬೀಳುತ್ತೆ ಅಂತ" ಎಂದು ನಕ್ಕ.

ಆ್ಯಂಗಲ್ ಅಂದರೆ ಎಲ್ ಆಕಾರದ ಕಬ್ಬಿಣದ ಪಟ್ಟಿ, ಅದರ ಕಥೆ ನನಗೆ ಗೊತ್ತಿಲ್ಲದ್ದಲ್ಲ. ಮೊದಲಿನ ನಾಲ್ಕಡಿ ಟ್ಯಾಂಕು ಕಬ್ಬಿಣದ ಸ್ಟ್ಯಾಂಡಿನ ಮೇಲೇ ಇತ್ತು. ಪೌಡರ್ ಕೋಟಿಂಗ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಕೊಟ್ಟಿದ್ದೆ. ಇಲ್ಲಿಯ ಉಪ್ಪುಗಾಳಿಗೆ ಎರಡನೇ ವರ್ಷವೇ ತುಕ್ಕು. ಅದೂ ನಡು ಪಟ್ಟಿಗೆ ಅಲ್ಲ, ವೆಲ್ಡ್ ಮಾಡಿದ ಮೂಲೆಗೆ, ಭಾರವೆಲ್ಲ ಇಳಿಯುವ ಜಾಗಕ್ಕೆ. ಬಣ್ಣ ಮೇಲಿಂದ ಚೆನ್ನಾಗಿಯೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಹಪ್ಪಳದ ಹಾಗೆ ಪದರ ಪದರ ಎದ್ದು ಬಂತು. ಟೈಲ್ಸ್ ಮೇಲೆ ಬಿದ್ದ ಕೆಂಪು ಕಲೆ ಇವತ್ತಿಗೂ ಹೋಗಿಲ್ಲ.

ಆಮೇಲೆ ಒಬ್ಬ ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಮೇಲೆ ಸನ್‌ಮೈಕಾ, ನೋಡಲು ಚಂದ. ಹಾಕಿದ್ದು ಎಂಆರ್ ಪ್ಲೈ, ಹೇಳಿದ್ದು ವಾಟರ್‌ಪ್ರೂಫ್. ಎಂಆರ್ ಗಾಳಿಯ ತೇವ ತಡೆಯುತ್ತದೆ, ಅಷ್ಟೇ. ನೀರು ಬೀಳುವ ಜಾಗಕ್ಕೆ ಐಎಸ್ 710 (ಭಾರತೀಯ ಮಾನಕ) ಮುದ್ರೆಯ ಮೆರೀನ್ ಪ್ಲೈ ಬೇಕು. ಫಿಲ್ಟರ್ ಪೈಪ್ ಬಿಚ್ಚುವಾಗ ಸುರಿಯುವ ಅರ್ಧ ಲೋಟ ನೀರೇ ಸಾಕಾಯಿತು. ಕತ್ತರಿಸಿದ ಅಂಚಿನಿಂದ ನೀರು ಏರಿ, ಆಗಸ್ಟ್ ಹೊತ್ತಿಗೆ ಕೆಳಗಿನ ಹಲಗೆ ಊದಿ ಬಾಗಿಲು ಹಾಕಲು ಬರದಾಯಿತು. ಅಲ್ಲಿಗೆ ಇನ್ನೊಂದು ಎಂಟು ಸಾವಿರ ನೀರಿಗೆ ಹಾಕಿದ ಹಾಗಾಯಿತು.

ಈಗಿನ ಟ್ಯಾಂಕು ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕಂಠದವರೆಗೆ ತುಂಬಿದರೆ 566 ಲೀಟರ್, ನಾನು ತುಂಬುವುದು 520ರ ಆಸುಪಾಸು. 12 ಎಂಎಂ ಗಾಜೇ ನೂರು ಕಿಲೋ ದಾಟುತ್ತದೆ. ಮರಳು, ಕಲ್ಲು ಸೇರಿದರೆ ಏಳುನೂರು ಕಿಲೋ. ಮನೆಯ ಸ್ಲ್ಯಾಬಿಗೆ, ಕಟ್ಟಡದ ಭಾರದ ಮಾನಕ ಐಎಸ್ 875 ಪ್ರಕಾರ, ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕ ಹಿಡಿಯುತ್ತಾರೆ. ಅದು ಇಡೀ ಕೋಣೆಗೆ ಹಂಚಿದ ಲೆಕ್ಕ. ನಮ್ಮ ಟ್ಯಾಂಕು ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ ಏಳುನೂರು ಇಳಿಸುತ್ತದೆ. ಹಾಲ್‌ನ ಮಧ್ಯೆ ಇಡೋಣ ಅಂತ ಮನೆಯಲ್ಲಿ ಆಸೆ ಇತ್ತು. ಆಗಲ್ಲ ಅಂದೆ. ಕೆಳಗೆ ಬೀಮ್ ಇರುವ ಹೊರಗೋಡೆಗೆ ಉದ್ದಕ್ಕೆ ತಾಗಿಸಿ ಇಟ್ಟಿದ್ದೇನೆ. ಕಟ್ಟಡದ ಇಂಜಿನಿಯರನ್ನು ಕೇಳಿಯೇ ಇಟ್ಟದ್ದು. ಈ ವಿಷಯದಲ್ಲಿ ಚೌಕಾಸಿ ಬೇಡ.

ಇನ್ನು ಮರ. ಅಂಗಡಿಯ ಪೈನ್ ನನಗೆ ಆಗಿಬರುವುದಿಲ್ಲ, ಮೆತ್ತಗೆ, ಈ ಹವೆಗೆ ಬೇಗ ಬೂಸ್ಟು. ಹೊಸ ಸಾಗುವಾನಿಯ ರೇಟು ಕೇಳಿ ಸುಮ್ನೆ ಎದ್ದು ಬಂದೆ. ನಾನು ಅಂಕೋಲೆಯವನು, ಮನೆಯ ತೊಲೆ ಅಂದರೆ ನನಗೆ ಮತ್ತಿಯೇ. ಗೋವಾದಲ್ಲಿ ಮತ್ತಿ ರಾಜ್ಯದ ಮರ. ಇಲ್ಲಿ ಹಸಿ ಮರ ಕಡಿಯಲು 1984ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಊರಿಂದ ತರೋಣ ಅಂದರೆ ಗಡಿಯ ಮಾಜಾಳಿ, ಪೊಳೆ ಚೆಕ್‌ಪೋಸ್ಟಿನಲ್ಲಿ ಮರ ಸಾಗಿಸುವ ಪಾಸ್ ತೋರಿಸಬೇಕು. ಎರಡೂ ಬೇಡ ಅಂತ ಕೆಡವಿದ ಮನೆಗಳ ಹಳೇ ಮರದ ಬೆನ್ನು ಹತ್ತಿದೆ. ಮಡಗಾಂವ್ ಕಡೆ ಒಂದು ಹಂಚಿನ ಮನೆ ಬಿಚ್ಚುತ್ತಿದ್ದರು. ಸಾಗುವಾನಿ ಬಾಗಿಲು, ಕಿಟಕಿಗಳನ್ನೆಲ್ಲ ಹಳೇ ಸಾಮಾನಿನವರು ಮೊದಲೇ ಎತ್ತಿದ್ದರು. ಉಳಿದದ್ದು ಮತ್ತಿಯ ತೊಲೆ, ಪಕ್ಕಾಸು. ಕಪ್ಪಗಿದೆ, ಭಾರ, ಮೊಳೆ ಜಾಸ್ತಿ ಅಂತ ಯಾರೂ ಮುಟ್ಟಿರಲಿಲ್ಲ. ಮಾರುವವನು ಘನ ಅಡಿಗೆ ಹದಿನಾರು ನೂರು ಹೇಳಿದ. ಸಾವಿರದ ಇನ್ನೂರಕ್ಕೆ ಇಳಿಸಿದೆ. ನಾಲ್ಕು ಘನ ಅಡಿ ತಂದೆ, ಮೂರರಲ್ಲಿ ಕೆಲಸ ಮುಗಿಯಿತು.

ಮೊಳೆ ಕೀಳುವುದೇ ದೊಡ್ಡ ಕೆಲಸ. ಸಾಮಿಲ್‌ನವರು ಮೊದಲೇ ಹೇಳುತ್ತಾರೆ, ಬ್ಲೇಡು ಹೋದರೆ ದುಡ್ಡು ನಿಮ್ಮದು. ತಲೆ ಮುರಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ನಿಧಾನವಾಗಿ ಎಳೆದೆ. ಮೊಳೆ ಇದ್ದಲ್ಲಿ ಅದು ಟಕ್ ಅಂತ ಓರೆಯಾಗುತ್ತದೆ. ಸೀಮೆಸುಣ್ಣದಿಂದ ಗುರುತು ಮಾಡಿ, ಉಳಿಯಿಂದ ಸುತ್ತ ಕೆತ್ತಿ, ಇಕ್ಕಳದಲ್ಲಿ ಎಳೆಯಬೇಕು. ಪ್ರತಿ ಮೊಳೆಯ ಸುತ್ತ ಮರ ಶಾಯಿ ಸುರಿದಷ್ಟು ಕಪ್ಪಾಗಿತ್ತು. ಮತ್ತಿಯಲ್ಲಿರುವ ಒಗರಿಗೆ ಕಬ್ಬಿಣ ತಾಗಿದರೆ ಆಗುವುದೇ ಹಾಗೆ. ಅದನ್ನು ನೋಡಿದ ಮೇಲೆ ಇಡೀ ಸ್ಟ್ಯಾಂಡಿಗೆ ಒಂದೇ ಒಂದು ಕಬ್ಬಿಣದ ಸ್ಕ್ರೂ ಹಾಕಲಿಲ್ಲ. ಎಲ್ಲವೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ತೂತು ಕೊರೆಯದೆ ಸ್ಕ್ರೂ ಬಿಟ್ಟರೆ ಮತ್ತಿ ಸೀಳುತ್ತದೆ. ಡ್ರಿಲ್ ಬಿಟ್ಟುಗಳು ಎಷ್ಟು ಹೋದವೋ ಲೆಕ್ಕ ಇಡಲಿಲ್ಲ.

ಕೆಲಸದ ಗುಟ್ಟು ಇರುವುದು ಜೋಡಣೆಯಲ್ಲಿ. ಸ್ಕ್ರೂ ಭಾರ ಹೊರಬಾರದು, ಹಿಡಿದಿಟ್ಟುಕೊಂಡರೆ ಸಾಕು. ಭಾರ ಮರದಿಂದ ಮರಕ್ಕೇ ಇಳಿಯಬೇಕು. ಕಾಲುಗಳು ಮೂರಿಂಚು ಚೌಕ, ಎತ್ತರ ಮೂವತ್ತಿಂಚು. ಕಾಲಿನ ತಲೆಯಲ್ಲಿ ನಾಲ್ಕಿಂಚು ಉದ್ದ, ಎರಡಿಂಚು ಆಳದ ಕಚ್ಚು ತೆಗೆದು, ನಾಲ್ಕು-ಎರಡರ ಅಡ್ಡಪಟ್ಟಿಯನ್ನು ಅದರೊಳಗೆ ನಿಲ್ಲಿಸಿ ಕೂರಿಸಿದೆ. ಉಳಿದ ಒಂದಿಂಚಿನ ನಾಲಿಗೆಗೆ ಪಕ್ಕದಿಂದ ಸ್ಕ್ರೂ. ನಾಳೆ ಸ್ಕ್ರೂ ಎಲ್ಲ ಬಿಚ್ಚಿದರೂ ಪಟ್ಟಿ ಕಾಲಿನ ಹೆಗಲ ಮೇಲೇ ಕೂತಿರುತ್ತದೆ. ಪಟ್ಟಿಯನ್ನು ಮಲಗಿಸಬೇಡಿ, ನಿಲ್ಲಿಸಿ. ಅದೇ ಮರ ಬಾಗುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ನಡುವೆ ಹಿಂದೊಂದು ಮುಂದೊಂದು ಕಾಲು ಕೊಟ್ಟರೆ ಬಾಗುವುದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ನನ್ನದಕ್ಕೆ ಆರು ಕಾಲು. ಎದುರಿನ ನಡುಗಾಲಿನಿಂದ ಬಾಗಿಲಿಗೆ ಅಡ್ಡಿ ಅಂತ ಮನೆಯಲ್ಲಿ ಗೊಣಗಿದರು, ನಾನು ಕೇಳಲಿಲ್ಲ.

ಕಚ್ಚಿನ ಒಳಗೆ ಒಂದು ಸಣ್ಣ ಬೆಣೆ ಇದೆ. ಮಳೆಗಾಲದಲ್ಲಿ ಮರ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿದರೂ ಜೋಡಣೆ ಸಡಿಲವಾಗದಿರಲು. ಯಾವ ಮರದ ಬೆಣೆ, ಯಾವ ಕಡೆಯಿಂದ ಹೊಡೆದೆ ಅನ್ನುವುದು ನನ್ನಲ್ಲೇ ಇರಲಿ.

ಅಂದಹಾಗೆ, ಕಾಲು ಮುರಿಯುತ್ತೆ ಅಂತ ಎಲ್ಲರೂ ಹೆದರುತ್ತಾರೆ. ಮೂರಿಂಚಿನ ಗಟ್ಟಿ ಮರದ ಒಂದು ಕಾಲು ನೆಟ್ಟಗೆ ನಿಂತರೆ ಎರಡು ಟನ್ ಹೊರಲೂ ಹಿಂದೆಮುಂದೆ ನೋಡುವುದಿಲ್ಲ. ಸ್ಟ್ಯಾಂಡು ಬೀಳುವುದು ಓಲಾಡಿ. ಖಾಲಿ ಸ್ಟ್ಯಾಂಡಿನ ಮೂಲೆಯನ್ನು ಅಂಗೈಯಿಂದ ಉದ್ದಕ್ಕೆ ನೂಕಿದೆ, ಮೇಲ್ಭಾಗ ಅರ್ಧ ಇಂಚು ಸರಿಯಿತು. ಹಿಂಬದಿಗೆ ಎರಡು ಓರೆಪಟ್ಟಿ ಕೊಟ್ಟೆ, ಎರಡೂ ಪಕ್ಕಕ್ಕೆ ಮೆರೀನ್ ಪ್ಲೈ ತುಂಡು ಬಡಿದೆ. ಆಮೇಲೆ ಭಾವಮೈದುನನಿಗೆ ನೂಕು ಅಂದೆ. ಅವನು ನೂಕಿದ, ಟೈಲ್ಸ್ ಮೇಲೆ ಇಡೀ ಸ್ಟ್ಯಾಂಡೇ ಜಾರಿತು, ಓಲಲಿಲ್ಲ.

ಆದರೂ ಗಾಜು ಇಡುವ ಮೊದಲು ಪರೀಕ್ಷೆ ಬೇಕಲ್ವಾ. ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಸ್ಟ್ಯಾಂಡು ಇಳಿಸಿದೆ. ಪಕ್ಕದವರ ಕಾಂಪೌಂಡಿಗೆ ಚಿರೆಕಲ್ಲು ಬಂದು ಬಿದ್ದಿತ್ತು. ಕಲ್ಲೊಂದಕ್ಕೆ ಮೂವತ್ತು ಕಿಲೋ ಹಿಡಿಯಿರಿ. ಇಪ್ಪತ್ತೈದು ಕಲ್ಲು ಪೇರಿಸಿದೆ. ಪಟ್ಟಿಯ ಉದ್ದಕ್ಕೆ ಗಾಳದ ನೈಲಾನ್ ದಾರ ಬಿಗಿದು, ಗ್ಯಾರೇಜಿನಿಂದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ತಂದು ಸಂದು ಅಳೆದೆ. ಪಟ್ಟಿ ಬಾಗಿದ್ದು ಕಾಲು ಮಿಲಿಮೀಟರ್, ಅಷ್ಟೇ. ಜುಲೈ ಮಳೆಯ ಎರಚಲಿನಲ್ಲೇ ಒಂದು ವಾರದ ಮೇಲೆ ಹಾಗೇ ಬಿಟ್ಟೆ. ಮತ್ತೆ ಅಳೆದರೆ ಅದೇ ಕಾಲು ಮಿಲಿಮೀಟರ್. ವೆಲ್ಡಿಂಗ್‌ನವನು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ನೀರು ಹಾಕಿ ನೋಡ್ರಿ ಆಮ್ಯಾಗ" ಅಂದು ಹೋದ.

ನೀರಿನ ಮಾತು ಬಂತಲ್ಲ, ಅದಕ್ಕೊಂದು ಬೇರೆಯೇ ಪ್ರಯೋಗ ನಡೆದಿತ್ತು. ಒಂದೇ ಪಕ್ಕಾಸಿನಿಂದ ಐದು ತುಂಡು ಕತ್ತರಿಸಿದೆ, ತಲಾ ಇನ್ನೂರು ಗ್ರಾಮಿನ ಹತ್ತಿರ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಮೆಲಮೈನ್ ಪಾಲಿಶ್, ಒಂದಕ್ಕೆ ಪಿಯು (ಪಾಲಿಯುರೆಥೇನ್) ಪಾಲಿಶ್, ಒಂದಕ್ಕೆ ಗೇರೆಣ್ಣೆ. ಗೇರುಬೀಜದ ಸಿಪ್ಪೆಯ ಈ ಎಣ್ಣೆಯನ್ನು ನಮ್ಮ ಕಡೆ ದೋಣಿಗೆ ಬಳಿಯುತ್ತಿದ್ದರು. ಎಲ್ಲವನ್ನೂ ಟ್ಯಾಂಕಿನ ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಮುಳುಗಿಸಿಟ್ಟೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದದ್ದಕ್ಕೆ ಬೈಸಿಕೊಂಡೆ. ಬರಿಯ ತುಂಡು ಇಪ್ಪತ್ತೆಂಟು ಗ್ರಾಂ ನೀರು ಕುಡಿಯಿತು. ಅಗಸೆ ಎಣ್ಣೆಯದು ಹದಿನೇಳೋ ಹದಿನೆಂಟೋ, ಮೇಲೆ ಕಪ್ಪು ಬೂಸ್ಟು ಬೇರೆ. ಮೆಲಮೈನ್ ಅಂಚಿನಲ್ಲಿ ಬಿಳಿಚಿ ಎದ್ದಿತು. ಪಿಯು ಎಲ್ಲಕ್ಕಿಂತ ಕಡಿಮೆ, ಮೂರ್ನಾಲ್ಕು ಗ್ರಾಂ, ಆದರೆ ಒಂದು ಗೀರು ಬಿದ್ದರೆ ಅಲ್ಲಿಂದಲೇ ನೀರು ಒಳಗೆ. ಗೇರೆಣ್ಣೆ ಆರು ಗ್ರಾಂ. ಗೀರಿದರೂ ಅಷ್ಟೇ, ಯಾಕೆಂದರೆ ಅದು ಮರದೊಳಗೆ ಇಳಿದಿರುತ್ತದೆ.

ಹಾಗಾಗಿ ಕಾಲಿನ ಬುಡ, ಕೆಳಗಿನ ಚೌಕಟ್ಟು ಗೇರೆಣ್ಣೆ. ಕಣ್ಣಿಗೆ ಕಾಣುವ ಮೇಲ್ಭಾಗ ಪಿಯು. ಒಂದರ ಮೇಲೊಂದು ಬೇಡ, ಹಿಡಿಯುವುದಿಲ್ಲ. ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ವಾಸನೆ ತಿಂಗಳುಗಟ್ಟಲೆ ಇರುತ್ತದೆ. ಬರಿಯ ಎಣ್ಣೆ ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಅದಕ್ಕೆ ಏನು ಬೆರೆಸಬೇಕು, ಎಷ್ಟು ಅನ್ನುವ ಹದ ನನಗೆ ಬೇಗ ಸಿಕ್ಕಿದ್ದಲ್ಲ. ಅದನ್ನೂ ಇಲ್ಲಿ ಬರೆಯುವುದಿಲ್ಲ.

ಮೇಲೆ 19 ಎಂಎಂ ಮೆರೀನ್ ಪ್ಲೈ, ಅದರ ಮೇಲೆ ಥರ್ಮೋಕೋಲ್. ಯೋಗಾ ಮ್ಯಾಟ್ ಹಾಕಿ ನೋಡಿದ್ದೆ, ಪರವಾಗಿಲ್ಲ. ತೆಂಗಿನ ನಾರಿನ ಮ್ಯಾಟ್ ಮಾತ್ರ ಬೇಡವೇ ಬೇಡ, ಕೊಳೆತು ನಾರುತ್ತದೆ. ನೆಲ ಐದಡಿಯಲ್ಲಿ ಆರು ಮಿಲಿಮೀಟರ್ ಇಳಿಜಾರಿತ್ತು. ರಸಮಟ್ಟ ಒಂದನ್ನೇ ನಂಬದೆ ಪಾರದರ್ಶಕ ಪೈಪಿನಲ್ಲಿ ನೀರು ಹಿಡಿದು ಮಟ್ಟ ನೋಡಿದೆ. ಕಾಲಿನಡಿ ಸನ್‌ಮೈಕಾ ಚೂರು ಒಂದೊಂದಾಗಿ ಸೇರಿಸಿದೆ. ಅರ್ಧ ನೀರು ತುಂಬಿ ರಾತ್ರಿ ಬಿಟ್ಟು, ಬೆಳಿಗ್ಗೆ ನಾಲ್ಕೂ ಮೂಲೆಯಲ್ಲಿ ಸ್ಕೇಲಿಟ್ಟು ನೋಡಿ, ಆಮೇಲೆ ಉಳಿದರ್ಧ.

ಖರ್ಚು ನೆನಪಿದ್ದಷ್ಟು: ಮರಕ್ಕೆ ಐದು ಸಾವಿರ ಬಿಟ್ಟು ಸ್ವಲ್ಪ ಕಡಿಮೆ, ಪ್ಲೈಗೆ ಎರಡು, ಸಾಮಿಲ್ ಕೊಯ್ಲು ಏಳುನೂರು, ಸ್ಕ್ರೂ ಆರುನೂರು, ಎಣ್ಣೆ, ಪಿಯು, ಅಂಟು, ಟೆಂಪೋ ಸೇರಿ ಎರಡೂವರೆ. ಹನ್ನೊಂದು ಸಾವಿರ ದಾಟಲಿಲ್ಲ. ಕೂಲಿ ನನ್ನದೇ. ಇದೇ ಅಳತೆಯ ರೆಡಿ ಕ್ಯಾಬಿನೆಟ್ಟಿಗೆ ಮೂವತ್ತೈದು ಹೇಳಿದ್ದರು, ಅದೂ ಪಾರ್ಟಿಕಲ್ ಬೋರ್ಡ್.

ಮೇ ತಿಂಗಳಲ್ಲಿ ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಚುಚ್ಚಿದರೆ ಶೇಕಡಾ ಹನ್ನೆರಡು, ಜುಲೈಯಲ್ಲಿ ಹದಿನೆಂಟು ತೋರಿಸುತ್ತದೆ. ಕಚ್ಚು ಬಿರುಕು ಬಿಟ್ಟಿಲ್ಲ, ಟ್ಯಾಂಕಿನ ಮಟ್ಟ ಹೆಚ್ಚುಕಮ್ಮಿ ಆಗಿಲ್ಲ. ಎರಡು ಆಸ್ಕರ್ ಮೀನುಗಳು ಅಂಗೈಗಿಂತ ದೊಡ್ಡದಾಗಿವೆ, ನೀರು ಎರಚುವುದರಲ್ಲಿ ಅವುಗಳ ಸಮ ಯಾರೂ ಇಲ್ಲ. ಭಾವಮೈದುನ ಈಗ ತಾನೂ ನಾಲ್ಕಡಿ ಟ್ಯಾಂಕು ತಂದಿಟ್ಟುಕೊಂಡು, ಭಾವ ನನಗೂ ಒಂದು ಮಾಡಿಕೊಡಿ ಅಂತ ಬೆನ್ನು ಹತ್ತಿದ್ದಾನೆ. ಮಾಡಿಕೊಡುತ್ತೇನೆ, ಮರ ನೀನೇ ತಾ, ಮೊಳೆ ನೀನೇ ಕೀಳು ಅಂದಿದ್ದೇನೆ. ಅಯಸ್ಕಾಂತ ಬೇಕಾದರೆ ಕೊಡುತ್ತೇನೆ.