ಟ್ರಯಲ್‌ಗೆ ಸೇರ್ತೀರಾ ಎಂದು ಡಾಕ್ಟರ್ ಕೇಳಿದಾಗ

ಮಳೆಗಾಲದಲ್ಲಿ ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಬೆರಳ ಸಂದಿಯಲ್ಲಿ ಹುಣ್ಣಾಗುವುದು ಹೊಸದಲ್ಲ. ಶುಗರ್ ಇದ್ದರೆ ಕಾಲು ಜೋಮು ಹಿಡಿದಿರುತ್ತದೆ, ನೋವೇ ಗೊತ್ತಾಗುವುದಿಲ್ಲ. ಗಾಯ ಒಣಗದೆ ಕೀವಾದಾಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮಂಜೇಶ್ವರದ ನಮ್ಮವರು ಬಸ್ಸು ಹತ್ತುವುದು ಮಂಗಳೂರಿಗೆ. ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಒಮ್ಮೊಮ್ಮೆ ಡಾಕ್ಟರ್ ಕೇಳುವುದುಂಟು: "ಹೊಸ ಔಷಧಿಯ ಟ್ರಯಲ್ ನಡೀತಾ ಇದೆ, ಸೇರ್ತೀರಾ?"

ಹೆದರಿ ಓಡಬೇಡಿ. ಇಂಥ ಪ್ರಯೋಗಗಳಿಗೆ ಜನ ಸೇರಿದ್ದರಿಂದಲೇ ಇವತ್ತಿನ ಚಿಕಿತ್ಸೆ ನಮಗೆ ಸಿಕ್ಕಿದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಒಂದು ಅಧ್ಯಯನಕ್ಕೆ 5,000ಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರು ಸೇರಿದ್ದರು. ಶುಗರ್ ಹತೋಟಿಯಲ್ಲಿಟ್ಟರೆ ಕಣ್ಣು, ಕಿಡ್ನಿಗೆ ಆಗುವ ಹಾನಿ ಕಡಿಮೆ ಎಂದು 1998ರಲ್ಲಿ ಅದು ತೋರಿಸಿಕೊಟ್ಟಿತು. ಹಾಗೆಂದು ಕೂತಲ್ಲೇ ಸಹಿ ಹಾಕುವುದೂ ಬೇಡ.

ಮೊದಲು ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ವಿವರ ಕೊಡಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಇದು ಕಾಸರಗೋಡಿನವರಿಗೆ ತುಂಬಾ ಮುಖ್ಯ. ಇಲ್ಲಿ ಎಷ್ಟೋ ಹಿರಿಯರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಚೆನ್ನಾಗಿ ಮಾತಾಡುತ್ತಾರಲ್ಲ ಎಂದು ಮಲಯಾಳದ ಕಾಗದ ಮುಂದಿಟ್ಟರೆ ಸಂಕೋಚ ಬೇಡ, "ಕನ್ನಡದ್ದು ಕೊಡಿ" ಅನ್ನಿ. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಜೊತೆಗಿದ್ದು ಸಹಿ ಹಾಕಬೇಕು.

ಕಾಗದವನ್ನು ಮನೆಗೆ ತನ್ನಿ. ಮಗಳೋ ಅಳಿಯನೋ ಜೊತೆಗೆ ಕೂತು ಓದಲಿ. ನಾನು ಈಗ ನುಂಗುವ ಮಾತ್ರೆ ನಿಲ್ಲಿಸುತ್ತಾರಾ? ಔಷಧಿಯ ಗುಣವೇ ಇಲ್ಲದ ಬರೀ ಮಾತ್ರೆ ನನ್ನ ಪಾಲಿಗೆ ಬರಬಹುದಾ? ಎಷ್ಟು ಸಲ ರಕ್ತ ತೆಗೆಯುತ್ತಾರೆ? ಬಸ್ ಚಾರ್ಜು ಯಾರು ಕೊಡುತ್ತಾರೆ? ಉತ್ತರ ಸಿಗದ ಪ್ರಶ್ನೆಯ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದಿಟ್ಟು ಡಾಕ್ಟರನ್ನೇ ಕೇಳಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ನಿಯಮದಲ್ಲೇ ಇದೆ. ಆ ಸಾಲು ಕಾಗದದಲ್ಲಿ ಇದೆಯೇ ಎಂದು ನೋಡಲೇಬೇಕು.

ಆಮೇಲೆ ನೋಂದಣಿ. 2009ರ ಜೂನ್ 15ರಿಂದ ಭಾರತದಲ್ಲಿ ಔಷಧ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ಇರಲೇಬೇಕು. ನಂಬರ್ ಕೇಳಿಕೊಳ್ಳಿ. ಮೊಬೈಲಿನಲ್ಲಿ ಯಾರು ಬೇಕಾದರೂ ಸುಮ್ನೆ ಹುಡುಕಿ ನೋಡಬಹುದು. ನಿಮ್ಮ ಆಸ್ಪತ್ರೆಯ ಹೆಸರು, ಸೇರಿದವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆ ಎರಡೂ ಅಲ್ಲಿ ಕಾಣಬೇಕು.

ಸೇರುವುದಾದರೆ ಏನನ್ನೂ ಮುಚ್ಚಿಡಬೇಡಿ. ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ, ನೆನೆಸಿದ ಮೆಂತ್ಯ ಎಲ್ಲವನ್ನೂ ಹೇಳಿ. ಅವುಗಳಿಂದಲೂ ಶುಗರ್ ಇಳಿಯಬಹುದು, ಆಗ ಪ್ರಯೋಗದ ಲೆಕ್ಕವೂ ತಪ್ಪುತ್ತದೆ, ನಿಮಗೂ ಅಪಾಯ. ಹಿಂದೆ ಕ್ಷಯ ಬಂದಿದ್ದರೆ ನಾಚಿಕೆ ಬೇಡ. ಸಕ್ಕರೆ ಕಾಯಿಲೆಯವರಿಗೆ ಕ್ಷಯ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ.

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಪೆರ್ಲದಿಂದ ಬೆಳಗಿನ ಬಸ್ಸಿಗೆ ಹೊರಡುವವರು ಆ ದಿನ ಇನ್ಸುಲಿನ್, ಮಾತ್ರೆ ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಿ. ಇನ್ಸುಲಿನ್ ಚುಚ್ಚಿಕೊಂಡು ಉಣ್ಣದೆ ಬಸ್ಸಲ್ಲಿ ಕೂತರೆ ಬೆವರು, ನಡುಕ ಬಂದು ಪ್ರಜ್ಞೆಯೇ ತಪ್ಪಬಹುದು. ಚೀಲದಲ್ಲಿ ಸಕ್ಕರೆ ಪೊಟ್ಟಣ ಇರಲಿ. ನಡುಕ ಬಂದರೆ ತಕ್ಷಣ ತಿನ್ನಿ, ಪರೀಕ್ಷೆ ಇನ್ನೊಂದು ದಿನ ಆಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರವಾದರೆ ಉಪವಾಸವೇ ಬೇಕಿಲ್ಲ.

ಜ್ವರ ಬಂದರೆ, ಗಾಯ ಕೆಂಪೇರಿದರೆ ಕಾಗದದಲ್ಲಿರುವ ನಂಬರಿಗೆ ಆ ದಿನವೇ ಫೋನ್ ಮಾಡಿ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಾಗಿಲ್ಲ. ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಹೇಳದೆ ಕೇಳದೆ ಮಾತ್ರೆ ಬಿಡಬೇಡಿ, ಶುಗರ್ ಏರುಪೇರಾಗುತ್ತದೆ. ಉಳಿದ ಔಷಧಿ ವಾಪಸ್ ಕೊಟ್ಟು, ನಾಳೆಯಿಂದ ಯಾವ ಮಾತ್ರೆ ಎಂದು ಬರೆಸಿಕೊಂಡೇ ಬನ್ನಿ.